ಮದ್ದು ಬಿಟ್ಟವರೂ ಲೆಕ್ಕಕ್ಕೆ ಬರಬೇಕು

ಪಾರ್ಶ್ವವಾಯು ಒಮ್ಮೆ ಬಡಿದವರಿಗೆ ಎರಡನೆಯ ಸಲ ಬಡಿಯದಂತೆ ತಡೆಯುವ ಮದ್ದುಗಳು ಅಪರೂಪದವಲ್ಲ. ರಕ್ತದೊತ್ತಡಕ್ಕೆ ಒಂದೆರಡು ಮಾತ್ರೆ, ರಕ್ತನಾಳ ಕಟ್ಟಿಕೊಂಡು ಬಂದ ಪಾರ್ಶ್ವವಾಯುವಾದರೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್, ಶುಗರ್ ಇದ್ದರೆ ಅದರ ಮದ್ದು. ತಾಲ್ಲೂಕು ಕೇಂದ್ರದ ಯಾವ ಔಷಧದಂಗಡಿಯಲ್ಲೂ ಇವು ಸಿಗುತ್ತವೆ. ಕಷ್ಟವಿರುವುದು ಬದುಕಿರುವಷ್ಟು ಕಾಲ ದಿನವೂ ಅವನ್ನು ನುಂಗುವುದರಲ್ಲಿ. ಇದಕ್ಕೊಂದು ದಾರಿ ಹುಡುಕಲು ನಮ್ಮ ದೇಶದಲ್ಲೇ ದೊಡ್ಡ ಪ್ರಯೋಗವೊಂದು ನಡೆಯಿತು. ಹೆಸರು ಸ್ಪ್ರಿಂಟ್ ಇಂಡಿಯಾ. ಲುಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರರೋಗ ತಜ್ಞ ಡಾ. ಜಯರಾಜ್ ಪಾಂಡಿಯನ್ ಅದರ ಮುಂದಾಳು. ಹಣ ಕೊಟ್ಟದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. 2018ರ ಏಪ್ರಿಲ್‌ನಿಂದ 2021ರ ನವೆಂಬರ್‌ವರೆಗೆ 31 ಆಸ್ಪತ್ರೆಗಳಲ್ಲಿ 4298 ರೋಗಿಗಳು ಸೇರಿದರು. ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ. ಉಳಿದ ಅರ್ಧದಷ್ಟು ಮಂದಿಗೆ ಅದರ ಜೊತೆಗೆ ಫೋನಿಗೆ ಕಿರುಸಂದೇಶ, ತಿಳಿವಳಿಕೆಯ ವಿಡಿಯೊಗಳು ಮತ್ತು ತಾವೇ ತುಂಬಬೇಕಾದ ಒಂದು ಕೈಪುಸ್ತಕ. ಇವನ್ನೆಲ್ಲ 12 ಭಾಷೆಗಳಲ್ಲಿ ಸಿದ್ಧಪಡಿಸಲಾಗಿತ್ತು. ಯಾರು ಯಾವ ಗುಂಪು ಎಂಬುದನ್ನು ವೈದ್ಯರಾಗಲಿ ರೋಗಿಯಾಗಲಿ ಆರಿಸುವಂತಿರಲಿಲ್ಲ, ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತಿತ್ತು.

ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಒಂದು ವರ್ಷದೊಳಗೆ ಮತ್ತೆ ಪಾರ್ಶ್ವವಾಯು, ಹೃದಯಾಘಾತದಂಥ ತೊಂದರೆ ಅಥವಾ ಸಾವು ಕಂಡವರು ಸಂದೇಶ ಪಡೆದ ಗುಂಪಿನಲ್ಲಿ ಶೇ 5.5, ಪಡೆಯದ ಗುಂಪಿನಲ್ಲಿ ಶೇ 4.9. ಈ ಅಂತರ ಆಕಸ್ಮಿಕವೆನ್ನುವಷ್ಟು ಸಣ್ಣದು. ಅಂದರೆ ಪ್ರಯೋಜನವೇನೂ ಕಾಣಲಿಲ್ಲ. ಮುಂದುವರಿಸಿದರೂ ಚಿತ್ರ ಬದಲಾಗದೆಂದು ನಡುವಿನ ಪರಿಶೀಲನೆಯಲ್ಲಿ ತಿಳಿದಾಗ ಪ್ರಯೋಗವನ್ನೇ ನಿಲ್ಲಿಸಿದರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಮದ್ದನ್ನು ಹೇಳಿದಂತೆ ತೆಗೆದುಕೊಂಡವರು ಸಂದೇಶದ ಗುಂಪಿನಲ್ಲಿ ಶೇ 93.6, ಇನ್ನೊಂದರಲ್ಲಿ ಶೇ 89.8. ಬೀಡಿ ಸಿಗರೇಟು ಬಿಟ್ಟವರು ಶೇ 83 ಮತ್ತು ಶೇ 75. ಕುಡಿತ ಬಿಟ್ಟವರೂ ಸಂದೇಶದ ಗುಂಪಿನಲ್ಲೇ ಹೆಚ್ಚು. ಮದ್ದು ಚೆನ್ನಾಗಿ ತೆಗೆದುಕೊಂಡರು, ಚಟ ಬಿಟ್ಟರು, ಆದರೂ ರಕ್ತದೊತ್ತಡದಲ್ಲಿ, ಸಕ್ಕರೆಯಲ್ಲಿ, ಕೊಲೆಸ್ಟರಾಲ್‌ನಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಬರಲಿಲ್ಲ.

ಇದನ್ನು ಓದಿ ‘ಮದ್ದು ಬಿಡದೆ ತೆಗೆದುಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ’ ಎಂದುಕೊಂಡರೆ ದೊಡ್ಡ ತಪ್ಪು. ನನ್ನ ಕಣ್ಣು ನಿಲ್ಲುವುದು ಆ ಶೇ 89.8ರ ಮೇಲೆ. ಯಾವ ವಿಶೇಷ ನೆರವೂ ಇಲ್ಲದ ಗುಂಪಿನಲ್ಲೇ ಹತ್ತರಲ್ಲಿ ಒಂಬತ್ತು ಮಂದಿ ಸರಿಯಾಗಿ ಮದ್ದು ತೆಗೆದುಕೊಳ್ಳುತ್ತಿದ್ದರು. ಅವರು ಎಂಥವರು? ಪಾರ್ಶ್ವವಾಯು ತಜ್ಞರಿರುವ ದೊಡ್ಡ ಆಸ್ಪತ್ರೆಗೆ ತಲುಪಿದವರು, ಪ್ರಯೋಗಕ್ಕೆ ಒಪ್ಪಿದವರು, ಹೇಳಿದ ದಿನಕ್ಕೆ ಸಂಪರ್ಕಕ್ಕೆ ಸಿಕ್ಕವರು. ನೆರವಿಲ್ಲದೆಯೂ ನಡೆದುಕೊಳ್ಳುವವರಿಗೆ ನೆರವು ಕೊಟ್ಟು ಅಳೆದರೆ ಅಂತರ ಕಾಣುವುದು ಕಷ್ಟ. ಅದರ ಜೊತೆಗೆ, ಕಳಿಸಿದ ಸಂದೇಶ ಸಿಕ್ಕಿತೆಂದು ಉತ್ತರ ಕೊಟ್ಟವರು ಶೇ 17ರಷ್ಟು ಮಾತ್ರ. ಸಂದೇಶ ಹೋಯಿತು ಎಂಬುದಕ್ಕೂ ರೋಗಿ ಪಾಲ್ಗೊಂಡರು ಎಂಬುದಕ್ಕೂ ನಡುವೆ ಇರುವ ದೂರ ಈ ಒಂದು ಅಂಕಿಯಲ್ಲಿದೆ. ಪಾರ್ಶ್ವವಾಯುವಿನ ಪ್ರಯೋಗಗಳ ಬಗ್ಗೆ ನಾನು ಹೇಳಬೇಕೆಂದಿರುವುದು ಇದನ್ನೇ: ಮದ್ದು ಬಿಡುವವರು, ಭೇಟಿಗೆ ಬಾರದವರು, ಸಹಿ ಹಾಕಲಾಗದವರು ಪ್ರಯೋಗದ ಒಳಗೆ ಬರುವವರೆಗೆ ಪ್ರಯೋಗದ ಉತ್ತರ ಅವರಿಗೆ ಅನ್ವಯಿಸುವುದಿಲ್ಲ. ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಅಂಥವರು ಹಲವರಿದ್ದಾರೆ.

ಹಂಗಾರಕಟ್ಟೆಯನ್ನೇ ತೆಗೆದುಕೊಳ್ಳಿ. ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವಲ್ಲಿ ಇರುವ ಹಳೆಯ ಕಿರು ಬಂದರು. ಎದುರು ದಡದಲ್ಲಿ ಕೋಡಿ ಬೆಂಗ್ರೆ. ಮೀನುಗಾರಿಕೆ, ದೋಣಿ ಕಟ್ಟುವ ಕೆಲಸ, ಒಳಗಡೆ ಬೇಸಾಯ. ಇಲ್ಲಿಂದ ದೊಡ್ಡಾಸ್ಪತ್ರೆಗೆ ಹೋಗಬೇಕಾದವರು ಸಾಸ್ತಾನದಲ್ಲಿ ಹೆದ್ದಾರಿ ಹಿಡಿದು, ಬ್ರಹ್ಮಾವರ, ಉಡುಪಿ ದಾಟಿ ಮಣಿಪಾಲ ಸೇರಬೇಕು. 1953ರಲ್ಲಿ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಹುಟ್ಟಿದ್ದು ಈ ಭಾಗದವರ ಭಾಗ್ಯ. ದೇಶದ ಎಷ್ಟೋ ಹಳ್ಳಿಗಳಿಗೆ ಇಷ್ಟು ಹತ್ತಿರ ಅಂಥ ಆಸ್ಪತ್ರೆಯಿಲ್ಲ. ಹಾಗಿದ್ದೂ ಪಾರ್ಶ್ವವಾಯುವಾದವರಿಗೆ ಈ ದಾರಿ ಸಣ್ಣದಲ್ಲ. ಒಂದು ಕಾಲು ಎಳೆಯುವವರು ಒಬ್ಬರೇ ಬಸ್ಸು ಹತ್ತಲಾಗದು, ಜೊತೆಗೆ ಹೋಗುವವರ ಒಂದು ದಿನದ ಸಂಬಳ ಹೋಗುತ್ತದೆ. ಆಳಸಮುದ್ರದ ಬೋಟಿಗೆ ಹೋಗುವ ಮಗ ಹತ್ತು ದಿನ ಮನೆಯಲ್ಲಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಕರೆದೊಯ್ಯಲು ಮಗ ಇರುತ್ತಾನೆ, ಕೈಯಲ್ಲಿ ಕಾಸು ಇರುವುದಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಮೂತ್ರ ಹೆಚ್ಚುತ್ತದೆ, ಪ್ರಯಾಣದ ದಿನ ಆ ಮಾತ್ರೆ ಬಿಡುವವರಿದ್ದಾರೆ, ಅದರಲ್ಲೂ ಹೆಂಗಸರು. ಇದೆಲ್ಲ ಸೋಮಾರಿತನವಲ್ಲ, ಅಜ್ಞಾನವೂ ಅಲ್ಲ. ಮನೆಯ ಲೆಕ್ಕಾಚಾರ.

ರೋಗ ತಾನೇ ಮದ್ದಿಗೆ ಅಡ್ಡಿಯಾಗುತ್ತದೆ ಎಂಬುದನ್ನೂ ಮರೆಯಬಾರದು. ಬಲಗೈಯಲ್ಲಿ ಶಕ್ತಿಯಿಲ್ಲದವರು ಮಾತ್ರೆಯ ಹಾಳೆಯನ್ನು ಎಡಗೈಯಲ್ಲೇ ಹಿಡಿದು ಎಡಗೈ ಹೆಬ್ಬೆರಳಿನಲ್ಲೇ ಒತ್ತಬೇಕು. ಫಾಯಿಲ್ ಹರಿದು ಮಾತ್ರೆ ಹಾರಿ ಮಂಚದ ಕೆಳಗೆ ಹೋದರೆ ಬಗ್ಗಿ ಹೆಕ್ಕಲು ಆಗುವುದಿಲ್ಲ, ಇನ್ನೊಂದು ಬಿಚ್ಚಿದರೆ ತಿಂಗಳ ಲೆಕ್ಕ ತಪ್ಪುತ್ತದೆ. ಕೆಲವರಿಗೆ ನುಂಗುವುದೇ ಕಷ್ಟ, ನೀರು ಕುಡಿದರೂ ಕೆಮ್ಮು. ಬೆಳಿಗ್ಗೆ ತೆಗೆದುಕೊಂಡೆನೋ ಇಲ್ಲವೋ ಎಂಬ ನೆನಪು ಹಲವರಿಗೆ ಉಳಿಯುವುದಿಲ್ಲ. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಹಿಡಿಯುತ್ತದೆ. ಬದುಕೇ ಬೇಡವೆನಿಸಿದವರು ಮಾತ್ರೆಯನ್ನು ಯಾಕೆ ನೆನಪಿಟ್ಟುಕೊಳ್ಳಬೇಕು? ಇಷ್ಟಾಗಿಯೂ ತೆಗೆದುಕೊಂಡರೆ ಕಣ್ಣಿಗೆ ಕಾಣುವ ಗುಣ ಏನೂ ಇಲ್ಲ. ನೋವಿನ ಮಾತ್ರೆ ನುಂಗಿದರೆ ನೋವು ಹೋಗುತ್ತದೆ, ಸ್ಟ್ಯಾಟಿನ್ ನುಂಗಿದರೆ ಕೈ ಎದ್ದು ನಿಲ್ಲುವುದಿಲ್ಲ. ಎಣ್ಣೆ ತಿಕ್ಕಿಸಿಕೊಂಡಾಗ ಹಿತವಾಗುತ್ತದೆ, ಆದ್ದರಿಂದ ಅದನ್ನು ಬಿಡುವುದಿಲ್ಲ.

ಪ್ರಯೋಗ ನಡೆಸುವವರು ಇದನ್ನೆಲ್ಲ ಹೇಗೆ ಅಳೆಯುತ್ತಾರೆ? ಉಳಿದ ಮಾತ್ರೆಗಳನ್ನು ತರಿಸಿ ಎಣಿಸುವುದು, ಬಾಯಿಮಾತಿನಲ್ಲಿ ಕೇಳುವುದು, ಅಂಗಡಿಯಲ್ಲಿ ಮತ್ತೆ ಕೊಂಡ ದಾಖಲೆ ನೋಡುವುದು, ರಕ್ತದಲ್ಲಿ ಮದ್ದಿನ ಅಂಶ ಪರೀಕ್ಷಿಸುವುದು, ಮುಚ್ಚಳ ತೆಗೆದ ಹೊತ್ತನ್ನು ದಾಖಲಿಸುವ ಎಲೆಕ್ಟ್ರಾನಿಕ್ ಶೀಶೆ ಕೊಡುವುದು. ಅಗ್ಗದ ದಾರಿ ಮೊದಲ ಎರಡು. ಅವೆರಡರಲ್ಲೂ ಒಂದೇ ತೊಡಕು. ಡಾಕ್ಟರರ ಮುಂದೆ ‘ಬಿಟ್ಟೆ’ ಎನ್ನಲು ಮುಜುಗರ, ಬೈದಾರೆಂಬ ಹೆದರಿಕೆ. ಭೇಟಿಯ ಹಿಂದಿನ ದಿನ ಮಾತ್ರೆಗಳನ್ನು ಎಸೆದು ಲೆಕ್ಕ ಸರಿಮಾಡುವ ರೋಗಿಗಳು ಜಗತ್ತಿನ ಎಲ್ಲ ಕಡೆಯೂ ಇದ್ದಾರೆಂದು ಸಂಶೋಧಕರಿಗೆ ಗೊತ್ತು. ಬೈಗುಳ ಇರುವ ಕಡೆ ನಿಜವಾದ ಅಂಕಿ ಸಿಗುವುದಿಲ್ಲ. ಹಾಗಾಗಿ ಮದ್ದು ಬಿಟ್ಟದ್ದನ್ನು ಧೈರ್ಯವಾಗಿ ಹೇಳಬಹುದಾದ ವಾತಾವರಣ ಸೌಜನ್ಯದ ಮಾತಷ್ಟೇ ಅಲ್ಲ, ವಿಜ್ಞಾನಕ್ಕೇ ಅದು ಬೇಕು.

ಮದ್ದು ಬಿಟ್ಟವರನ್ನು ಲೆಕ್ಕದಿಂದ ತೆಗೆದುಹಾಕಿ, ಸರಿಯಾಗಿ ತೆಗೆದುಕೊಂಡವರನ್ನಷ್ಟೇ ಹೋಲಿಸಿದರೆ ಸತ್ಯ ಸಿಗುತ್ತದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಕೇಳಲು ಸರಿ. ಆದರೆ ಅದು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದನ್ನು ಅಮೆರಿಕದ ಕರೊನರಿ ಡ್ರಗ್ ಪ್ರಾಜೆಕ್ಟ್ 1980ರಲ್ಲೇ ತೋರಿಸಿಕೊಟ್ಟಿತು. ಹೃದಯಾಘಾತವಾಗಿದ್ದ ಗಂಡಸರಿಗೆ ಕ್ಲೊಫೈಬ್ರೇಟ್ ಎಂಬ ಮದ್ದು ಕೊಟ್ಟು ನೋಡಿದ ಪ್ರಯೋಗವದು. ಮದ್ದನ್ನು ಸರಿಯಾಗಿ ತೆಗೆದುಕೊಂಡವರಲ್ಲಿ ಐದು ವರ್ಷಗಳಲ್ಲಿ ಶೇ 15 ಮಂದಿ ಸತ್ತಿದ್ದರು, ಸರಿಯಾಗಿ ತೆಗೆದುಕೊಳ್ಳದವರಲ್ಲಿ ಶೇ 24.6. ಮದ್ದು ಗೆದ್ದಿತು ಎನ್ನಬೇಕು ತಾನೆ? ಆದರೆ ಮದ್ದೇ ಇಲ್ಲದ ಹುಸಿ ಗುಳಿಗೆ ಪಡೆದ ಗುಂಪಿನಲ್ಲೂ ಹೀಗೆಯೇ ಆಗಿತ್ತು. ಹುಸಿ ಗುಳಿಗೆಯನ್ನು ತಪ್ಪದೆ ನುಂಗಿದವರಲ್ಲಿ ಶೇ 15.1 ಸಾವು, ನುಂಗದವರಲ್ಲಿ ಶೇ 28.2. ಗುಳಿಗೆಯಲ್ಲಿ ಏನೂ ಇರಲಿಲ್ಲ. ತಪ್ಪದೆ ನುಂಗಬಲ್ಲವರ ಬದುಕಿನಲ್ಲೇ ಏನೋ ಇತ್ತು: ಮನೆಯಲ್ಲಿ ನೋಡಿಕೊಳ್ಳುವವರು, ಊಟ ನಿದ್ದೆಯ ಕ್ರಮ, ಅಷ್ಟೊಂದು ಹದಗೆಡದ ದೇಹ. ಈ ಕಾರಣಕ್ಕೇ ಒಳ್ಳೆಯ ಪ್ರಯೋಗಗಳಲ್ಲಿ ರೋಗಿಯನ್ನು ಆರಂಭದಲ್ಲಿ ಯಾವ ಗುಂಪಿಗೆ ಹಾಕಲಾಯಿತೋ ಕೊನೆಯವರೆಗೂ ಅದೇ ಗುಂಪಿನಲ್ಲಿ ಎಣಿಸುತ್ತಾರೆ, ಮದ್ದು ತೆಗೆದುಕೊಂಡಿರಲಿ ಬಿಟ್ಟಿರಲಿ. ಹಾಗಾಗಿ ಮದ್ದು ಬಿಟ್ಟರೂ ಪ್ರಯೋಗ ಬಿಡಬೇಕಾಗಿಲ್ಲ. ಅವರ ಸುದ್ದಿ ಮೊದಲಿನಷ್ಟೇ ಬೆಲೆಯುಳ್ಳದ್ದು. ಇದನ್ನು ರೋಗಿಯ ಮನೆಯವರಿಗೆ ಬಿಡಿಸಿ ಹೇಳದಿರುವುದರಿಂದಲೇ ಎಷ್ಟೋ ಮಂದಿ ಮಾತ್ರೆ ತಪ್ಪಿತೆಂಬ ಸಂಕೋಚಕ್ಕೆ ಆಸ್ಪತ್ರೆಯ ಫೋನನ್ನೂ ಎತ್ತುವುದಿಲ್ಲ.

ಮದ್ದು ತಪ್ಪಿದಾಗ ಬೆರಳು ಮೊದಲು ರೋಗಿಯ ಕಡೆ ತಿರುಗುವುದು ನಮ್ಮಲ್ಲಿ ಮಾಮೂಲು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮುಖ್ಯ ಪಾತ್ರ ವಹಿಸಿದ ಟಿಪ್ಸ್-3 ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ರಕ್ತದೊತ್ತಡದ ಮದ್ದುಗಳನ್ನೂ ಸ್ಟ್ಯಾಟಿನ್ ಅನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ, ಹೃದಯಾಘಾತ ಮತ್ತು ಪಾರ್ಶ್ವವಾಯು ತಡೆಯಬಹುದೇ ಎಂದು 5713 ಮಂದಿಯಲ್ಲಿ ನೋಡಿದರು. ಅವರಲ್ಲಿ ಸುಮಾರು ಅರ್ಧ ಭಾರತೀಯರು. ಆಸ್ಪಿರಿನ್ ಜೊತೆ ಈ ಗುಳಿಗೆ ಪಡೆದವರಲ್ಲಿ ಶೇ 4.1 ಮಂದಿಗೆ ತೊಂದರೆಯಾಯಿತು, ಎರಡೂ ಹುಸಿ ಗುಳಿಗೆ ಪಡೆದವರಲ್ಲಿ ಶೇ 5.8. ಇಷ್ಟು ಒಳ್ಳೆಯ ಫಲಿತಾಂಶ ಬಂದಿದ್ದೂ, ಪ್ರಯೋಗ ಮುಗಿಯುವ ಹೊತ್ತಿಗೆ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಗುಳಿಗೆ ನಿಲ್ಲಿಸಿದ್ದರು. ಕಾರಣಗಳಲ್ಲಿ ಮುಖ್ಯವಾದವು ಗುಳಿಗೆ ಹೊತ್ತಿಗೆ ಪೂರೈಕೆಯಾಗದ್ದು, ಆಮೇಲೆ ಕೋವಿಡ್. ಗುಳಿಗೆಯೇ ಬಾರದಿದ್ದರೆ ನುಂಗುವವರ ಶಿಸ್ತಿನ ಮಾತೆಲ್ಲಿ? ದಿನಕ್ಕೆ ಒಂದೇ ಗುಳಿಗೆ ಎಂಬ ಸರಳತೆಯೂ ಅದನ್ನು ಮನೆಗೆ ತಲುಪಿಸುವ ವ್ಯವಸ್ಥೆ ಇದ್ದರಷ್ಟೇ ಕೆಲಸಕ್ಕೆ ಬರುವುದು.

ಇನ್ನು ಪ್ರಯೋಗದ ಒಳಗೆ ಬರುವ ಬಾಗಿಲಿನ ವಿಚಾರ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಹಲವರಿಗೆ ಮಾತು ಮತ್ತು ಬಲಗೈ ಒಟ್ಟಿಗೇ ಹೋಗುತ್ತವೆ. ಒಪ್ಪಿಗೆ ಕೊಡಲು ಮನುಷ್ಯನಿಗಿರುವ ಎರಡೂ ಸಾಧನಗಳು ಅವೇ, ಬಾಯಿ ಮತ್ತು ಸಹಿ. ಅದೂ ಹೆಪ್ಪು ಕರಗಿಸುವ ಮದ್ದಿನಂಥ ತುರ್ತು ಚಿಕಿತ್ಸೆಯ ಪ್ರಯೋಗವಾದರೆ ನಾಲ್ಕೂವರೆ ಗಂಟೆಯ ಗಡುವಿನೊಳಗೆ ಎಲ್ಲ ಮುಗಿಯಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಇಂಥಲ್ಲಿ ಕಾನೂನು ಒಪ್ಪುವ ಪ್ರತಿನಿಧಿ, ಎಂದರೆ ಸಾಮಾನ್ಯವಾಗಿ ಮನೆಯವರು, ರೋಗಿಯ ಪರವಾಗಿ ಒಪ್ಪಿಗೆ ಕೊಡಲು ಅವಕಾಶ ಮಾಡಿವೆ. ಓದು ಬಾರದವರಿಗೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಮಾಹಿತಿ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ನಿಯಮ ಇಷ್ಟು ಹೇಳುತ್ತದೆ. ಆದರೆ ಮಾಹಿತಿ ಪತ್ರದ ಕನ್ನಡ ಕಚೇರಿಯ ಕನ್ನಡವಾಗಿದ್ದರೆ ಕುಂದಾಪುರ ಕಡೆಯ ಮನೆಯೊಳಗೆ ಅದು ಅರ್ಧವೇ ಹೋಗುತ್ತದೆ. ‘ಯಾದೃಚ್ಛಿಕ’ ಎಂಬ ಪದ ಅಚ್ಚಾಗಿರುವ ಪುಟಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ನಿಯಮ ಪಾಲನೆಯಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಮಾತು ಹೋದವರನ್ನು ‘ಒಪ್ಪಿಗೆ ಪಡೆಯುವುದು ಕಷ್ಟ’ ಎಂಬ ಕಾರಣಕ್ಕೆ ಹೊರಗಿಡುವುದು ಇದಕ್ಕಿಂತಲೂ ದೊಡ್ಡ ಅನ್ಯಾಯ. ಚಿತ್ರಗಳಿಂದ, ಸಣ್ಣ ವಾಕ್ಯಗಳಿಂದ, ತಲೆಯಾಡಿಸಿ ಉತ್ತರಿಸುವ ಪ್ರಶ್ನೆಗಳಿಂದ ಅವರಿಗೆ ವಿಷಯ ತಿಳಿಸುವ ಕ್ರಮಗಳು ಇವೆ. ಅದಕ್ಕೆ ಬೇಕಾದ್ದು ಅರ್ಧ ಗಂಟೆಯ ತಾಳ್ಮೆ.

‘ನಮ್ಮ ಜನರ ಮೇಲೆ ಪ್ರಯೋಗವೇ?’ ಎಂಬ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು, ಮತ್ತು ಅದಕ್ಕೆ ಆಧಾರವೂ ಇದೆ. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಬಡರೋಗಿಗಳನ್ನು ಸರಿಯಾಗಿ ತಿಳಿಸದೆ ಪ್ರಯೋಗಗಳಿಗೆ ಸೇರಿಸಲಾಗಿದೆ ಎಂಬ ದೂರಿನೊಂದಿಗೆ. ಪ್ರಯೋಗದಿಂದ ಹಾನಿಯಾದರೆ ಪರಿಹಾರ ಮತ್ತು ಉಚಿತ ಚಿಕಿತ್ಸೆ ಕೊಡಬೇಕೆಂಬ ನಿಯಮ 2013ರ ಜನವರಿಯಲ್ಲಿ ಬಂತು. ಅದಕ್ಕೂ ಮೊದಲು, 2009ರ ಜೂನ್‌ನಿಂದಲೇ, ಔಷಧಗಳ ಕ್ಲಿನಿಕಲ್ ಪ್ರಯೋಗಗಳನ್ನು ಸರಕಾರದ ಬಹಿರಂಗ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿತ್ತು. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅನುಮಾನ ಪಡುವುದು ರೋಗಿಯ ಹಕ್ಕು. ಆದರೆ ಪ್ರಯೋಗವೇ ಬೇಡವೆಂದರೆ ಆಗುವುದೇನು? ಪರೀಕ್ಷೆಯಾಗದ ಚಿಕಿತ್ಸೆಗಳನ್ನು ನಮ್ಮ ಜನ ಹೇಗೂ ಹಣ ತೆತ್ತು ಕೊಳ್ಳುತ್ತಲೇ ಇರುತ್ತಾರೆ. ಪಾರ್ಶ್ವವಾಯುವಿಗೆ ರೋಗಿಯದೇ ಮಜ್ಜೆಯ ಕಾಂಡಕೋಶ ಕೊಟ್ಟರೆ ಗುಣವಾಗುವುದೇ ಎಂದು ಡಾ. ಕಾಮೇಶ್ವರ ಪ್ರಸಾದ್ ನೇತೃತ್ವದಲ್ಲಿ 120 ರೋಗಿಗಳ ಮೇಲೆ ನಡೆದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಅಪಾಯವಿಲ್ಲ, ಪ್ರಯೋಜನವೂ ಇಲ್ಲ ಎಂದು ಗೊತ್ತಾಯಿತು. ಆ 120 ಮಂದಿ ಒಪ್ಪದೇ ಹೋಗಿದ್ದರೆ ಗದ್ದೆ ಮಾರಿ ಆ ಚಿಕಿತ್ಸೆ ಮಾಡಿಸಬೇಕೆಂದಿರುವ ಕುಟುಂಬಕ್ಕೆ ಬೇಡವೆನ್ನಲು ವೈದ್ಯರ ಬಳಿ ಆಧಾರವೇ ಇರುತ್ತಿರಲಿಲ್ಲ.

ಸಂಶೋಧಕರ ಕಡೆಯಿಂದ ಬರುವ ಆಕ್ಷೇಪ ಬೇರೆ. ಬಾರದವರನ್ನೇ ಸೇರಿಸಿಕೊಂಡರೆ ಅಂಕಿಗಳು ದುರ್ಬಲವಾಗುತ್ತವೆ, ಮದ್ದಿನ ನಿಜವಾದ ಗುಣ ಮಸುಕಾಗುತ್ತದೆ, ಖರ್ಚು ಏರುತ್ತದೆ. ಹೊಸ ಮದ್ದೊಂದು ದೇಹದೊಳಗೆ ಕೆಲಸ ಮಾಡುತ್ತದೆಯೇ ಎಂಬ ಮೊದಲ ಹಂತದ ಪ್ರಶ್ನೆಗೆ ಈ ವಾದ ಸರಿ. ಅಲ್ಲಿ ಕಟ್ಟುನಿಟ್ಟಿನ ಆಯ್ಕೆ ಬೇಕು. ಆದರೆ ಆಸ್ಪಿರಿನ್, ಸ್ಟ್ಯಾಟಿನ್‌ಗಳ ಗುಣ ಸಾಬೀತಾಗಿ ದಶಕಗಳಾದವು. ಈಗ ಉಳಿದಿರುವ ಪ್ರಶ್ನೆ ಅವನ್ನು ಜನ ತೆಗೆದುಕೊಳ್ಳುವಂತೆ ಮಾಡುವುದು ಹೇಗೆ ಎಂಬುದು, ಆ ಪ್ರಶ್ನೆಗೆ ತೆಗೆದುಕೊಳ್ಳದವರನ್ನು ಬಿಟ್ಟು ಉತ್ತರವಿಲ್ಲ. ಖರ್ಚಿನ ಮಾತಿಗೆ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಜೇವಿಯರ್ ಮತ್ತು ಸಂಗಡಿಗರ ಸ್ಪ್ರೆಡ್ ಪ್ರಯೋಗವನ್ನು ಎದುರಿಡಬಹುದು. ಅದು ಪಾರ್ಶ್ವವಾಯುವಿನದಲ್ಲ, ಹೃದಯಾಘಾತದಂಥ ತೊಂದರೆಯಿಂದ ಚೇತರಿಸಿಕೊಂಡವರದ್ದು. 14 ಆಸ್ಪತ್ರೆಗಳ 806 ರೋಗಿಗಳಲ್ಲಿ ಒಂದು ಗುಂಪಿಗೆ ತರಬೇತಾದ ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲಿ ಮಾತಾಡಿಸಿದ್ದಲ್ಲದೆ ಮನೆಗೂ ಹೋದರು. ವರ್ಷದ ಕೊನೆಗೆ ಮದ್ದು ಸರಿಯಾಗಿ ತೆಗೆದುಕೊಳ್ಳುತ್ತಿದ್ದವರು ಆ ಗುಂಪಿನಲ್ಲಿ ಶೇ 97, ಇನ್ನೊಂದರಲ್ಲಿ ಶೇ 92, ರಕ್ತದೊತ್ತಡವೂ ಇಳಿದಿತ್ತು. ಸ್ಪ್ರಿಂಟ್‌ನ ಸಂದೇಶಗಳಿಂದ ರಕ್ತದೊತ್ತಡ ಇಳಿಯಲಿಲ್ಲ. ಎರಡು ಬೇರೆ ಬೇರೆ ರೋಗಗಳ ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವಂತಿಲ್ಲ, ನಿಜ. ಆದರೂ ಮುಂದಿನ ಪ್ರಯೋಗ ಯಾವ ಕಡೆ ಹೋಗಬೇಕೆಂಬ ಸುಳಿವು ಇಲ್ಲಿದೆ: ಫೋನಿಗಿಂತ ಮನೆಬಾಗಿಲಿಗೆ ಬರುವ ಮನುಷ್ಯರು. ಹಳ್ಳಿ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿರುವ ನಮಗೆ ಅದು ಹೊಸದಾಗಿ ಕಟ್ಟಬೇಕಾದ ವ್ಯವಸ್ಥೆಯಲ್ಲ, ಆದರೆ ಅವರಿಗೆ ಆ ಕೆಲಸಕ್ಕೆ ಬೇರೆಯಾಗಿ ಸಂಬಳ ಕೊಡಬೇಕು.

ಮನೆಯವರ ಮೇಲೆ ಎಲ್ಲ ಹೊರಿಸಿದರೂ ಆಗದು. 2014ರಿಂದ 2016ರವರೆಗೆ ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಂದಿಗೆ ನಡೆದ ಅಟೆಂಡ್ ಪ್ರಯೋಗದಲ್ಲಿ ಮನೆಯವರಿಗೇ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟು ನೋಡಿದರು. ಆರು ತಿಂಗಳ ನಂತರ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇ 47. ಫಲ ಕಾಣದ ಇಂಥ ಪ್ರಯೋಗಗಳಿಂದಲೂ ಕಲಿಯುವುದಿದೆ. ಸೊಸೆಯೋ ಹೆಂಡತಿಯೋ ಈಗಾಗಲೇ ಮಾಡುತ್ತಿರುವುದಕ್ಕೆ ಇನ್ನೊಂದಿಷ್ಟು ಸೇರಿಸಿ ಫಿಸಿಯೊಥೆರಪಿಸ್ಟರ ಜಾಗ ತುಂಬಲಾಗದು.

ರೋಗಿ ಮದ್ದು ನುಂಗುವ ಹಂತದಲ್ಲಷ್ಟೇ ಅಲ್ಲ, ಪ್ರಶ್ನೆ ಆರಿಸುವ ಹಂತದಲ್ಲೂ ಇರಬೇಕು. ಸ್ಕಾಟ್ಲೆಂಡಿನಲ್ಲಿ ಪಾರ್ಶ್ವವಾಯುವಾದವರು, ಆರೈಕೆ ಮಾಡುವವರು, ವೈದ್ಯ ಸಿಬ್ಬಂದಿ ಒಟ್ಟಿಗೆ ಕೂತು ಯಾವುದರ ಬಗ್ಗೆ ಸಂಶೋಧನೆ ಬೇಕೆಂದು ಪಟ್ಟಿ ಮಾಡಿದರು, ಅದು 2012ರಲ್ಲಿ ಪ್ರಕಟವಾಯಿತು. ಮೊದಲ ಸ್ಥಾನ ಬಂದದ್ದು ನೆನಪು, ಗಮನದಂಥ ಬುದ್ಧಿಶಕ್ತಿಯ ತೊಂದರೆಗೆ. ಆಮೇಲೆ ಬದಲಾದ ಬದುಕಿಗೆ ಹೊಂದಿಕೊಳ್ಳುವುದು, ಮಾತು ಮರಳಿ ಬರುವುದು. ಪಟ್ಟಿಯಲ್ಲಿ ಸುಸ್ತಿಗೂ ಜಾಗವಿತ್ತು. ಹಂಗಾರಕಟ್ಟೆಯಂಥ ಊರಿನಲ್ಲಿ ಕೇಳಿದರೆ ಇನ್ನೇನೋ ಬರಬಹುದು. ಎಣ್ಣೆ ತಿಕ್ಕಿಸುವುದೂ ಇಂಗ್ಲಿಷ್ ಮದ್ದೂ ಒಟ್ಟಿಗೆ ನಡೆಯಬಹುದೇ ಎಂಬುದು ಖಂಡಿತ ಬರುತ್ತದೆ. ಭಾರತೀಯ ಸಂಶೋಧಕರು ರಿಸ್ಟೋರ್ ಎಂಬ ಪ್ರಯೋಗದಲ್ಲಿ ಆಯುರ್ವೇದ ಚಿಕಿತ್ಸೆಯನ್ನು ಫಿಸಿಯೊಥೆರಪಿಯೊಂದಿಗೆ ಹೋಲಿಸಿದ್ದಾರೆ. ಆಯುರ್ವೇದ ಅದಕ್ಕಿಂತ ಮೇಲೆಂದು ಕಾಣಲಿಲ್ಲ. ಜನ ಕೇಳುವ ಪ್ರಶ್ನೆಯನ್ನು ತಳ್ಳಿಹಾಕದೆ ಪರೀಕ್ಷೆಗೆ ಒಡ್ಡಿದ್ದು ನನಗೆ ಬಹಳ ಒಳ್ಳೆಯ ಕೆಲಸವೆನಿಸುತ್ತದೆ.

ರೋಗಿಯ ದನಿ ಪ್ರಯೋಗದೊಳಗೆ ಬರಲು ಒಂದು ದಾರಿ ನಿಯಮದಲ್ಲೇ ಇದೆ. 2019ರ ನಿಯಮಗಳ ಪ್ರಕಾರ ಪ್ರತಿ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅವರಲ್ಲಿ ಕನಿಷ್ಠ ಅರ್ಧ ಮಂದಿ ಆ ಸಂಸ್ಥೆಗೆ ಸೇರದವರು, ಒಬ್ಬರು ಜನಸಾಮಾನ್ಯ. ಆ ಜನಸಾಮಾನ್ಯರ ಜಾಗಕ್ಕೆ ಹೆಸರಾಂತರನ್ನು ಹುಡುಕುವ ಬದಲು ಪಾರ್ಶ್ವವಾಯುವನ್ನು ದಾಟಿ ಬಂದವರನ್ನೋ ಹತ್ತು ವರ್ಷ ಅಂಥವರ ಆರೈಕೆ ಮಾಡಿದ ಹೆಂಗಸನ್ನೋ ಕೂರಿಸಲು ಯಾವ ಅಡ್ಡಿಯೂ ಇಲ್ಲ. ಮಾಹಿತಿ ಪತ್ರದ ಕರಡು ಮೇಜಿಗೆ ಬಂದಾಗ ಅವರು ಮೊದಲು ಕೇಳುವುದು ಬಸ್ಸಿನ ಖರ್ಚು ಯಾರದ್ದು, ಮಳೆಗಾಲದಲ್ಲಿ ಭೇಟಿ ಹೇಗೆ, ಮದ್ದು ನಡುವೆ ಮುಗಿದರೆ ಯಾರಿಗೆ ಫೋನ್ ಮಾಡಬೇಕು, ಪ್ರಯೋಗ ಮುಗಿದ ಮೇಲೂ ಆ ಮದ್ದು ಸಿಗುತ್ತದೆಯೇ ಎಂದು. ಈ ನಾಲ್ಕಕ್ಕೂ ಕರಡಿನಲ್ಲಿ ಉತ್ತರವಿಲ್ಲದಿದ್ದರೆ ಅದನ್ನು ವಾಪಸು ಕಳಿಸುವ ಅಧಿಕಾರ ಆ ಸಮಿತಿಗಿದೆ.